ಮಕ್ಕಳ ಕಲ್ಯಾಣ ಸಮಿತಿಯ ವಿಚಾರಣೆ ನಡೆದರೆ ಮಗುವನ್ನು ಸಾಕುತ್ತಿರುವವರ ಹೆಸರು ಎಲ್ಲಿ ದಾಖಲಾಗುತ್ತದೆ?

ಪ್ರಶ್ನೆ – ಶಿಡ್ಲಘಟ್ಟದ ಚಿಕ್ಕಮ್ಮ

ಎಲ್ಲರಿಗೂ ನಮಸ್ಕಾರ. ಕಾನೂನು ಬಲ್ಲವರು ಅಥವಾ ಇಂಥ ವಿಚಾರಣೆಯನ್ನು ಹತ್ತಿರದಿಂದ ಕಂಡವರು ಇದ್ದರೆ ದಯವಿಟ್ಟು ಉತ್ತರಿಸಬೇಕೆಂದು ಕೋರುತ್ತೇನೆ.

ನನ್ನ ಅಕ್ಕ ತೀರಿಕೊಂಡ ಮೇಲೆ ಅವಳ ಮಗ ನಮ್ಮ ಮನೆಯಲ್ಲಿಯೇ ಬೆಳೆಯುತ್ತಿದ್ದಾನೆ. ಈಗ ಅವನಿಗೆ ಹನ್ನೊಂದು ವರ್ಷ. ಅವನ ತಂದೆ ಬೇರೆ ಸಂಸಾರ ಮಾಡಿಕೊಂಡು ಬೆಂಗಳೂರು ಸೇರಿದ್ದಾರೆ. ಮಗನ ಖರ್ಚುವೆಚ್ಚ ವಿಚಾರಿಸುವುದಿಲ್ಲ. ನಮ್ಮ ಮನೆಯ ಹಿಂಭಾಗದಲ್ಲಿ ಯಜಮಾನರದೊಂದು ಸಣ್ಣ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವಿದೆ. ಶಾಲೆ ಬಿಟ್ಟು ಬಂದ ಹುಡುಗ ಚಿಕ್ಕಪ್ಪನನ್ನು ಕರೆಯಲು ಅಲ್ಲಿಗೆ ಹೋಗಿ, ಒದ್ದೆ ನೆಲದಲ್ಲಿ ಕಾಲು ಜಾರಿ, ಗೂಡು ಬೇಯಿಸುವ ನೀರು ಬಲಗೈ ಮೇಲೆ ಚೆಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ ಬೊಬ್ಬೆ ಎದ್ದಿತು. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚಿಕಿತ್ಸೆ ಕೊಡಿಸಿದೆವು. ಶಾಲೆಯಲ್ಲಿ ಮೇಡಂ ಕೇಳಿದಾಗ ಅವನು ಮೊದಲು ಸೈಕಲ್ಲಿನಿಂದ ಬಿದ್ದೆ ಎಂದಿದ್ದಾನೆ, ಆಮೇಲೆ ಬಿಸಿನೀರು ಬಿತ್ತು ಎಂದಿದ್ದಾನೆ. ಎರಡು ಮಾತಿಗೂ ತಾಳೆಯಾಗದ ಕಾರಣ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ಇಬ್ಬರು ಮನೆಗೆ ಬಂದು ನೋಡಿದರು, ಅವನನ್ನು ಚಿಕ್ಕಬಳ್ಳಾಪುರದಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲಾಯಿತು. ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತನಾಡಿದ ಬಳಿಕ, ನನ್ನಿಂದ ಮುಚ್ಚಳಿಕೆ ಬರೆಸಿಕೊಂಡು ನನ್ನ ಜೊತೆಯಲ್ಲಿಯೇ ಕಳುಹಿಸಿದರು. ಸಾಮಾಜಿಕ ತನಿಖೆ ಇನ್ನೂ ನಡೆಯಬೇಕಿದೆ ಎಂದಿದ್ದಾರೆ. ಎಲ್ಲರೂ ಗೌರವದಿಂದಲೇ ಮಾತನಾಡಿದರು. ಆ ಬಗ್ಗೆ ನನ್ನ ದೂರಿಲ್ಲ.

ನನ್ನ ಚಿಂತೆ ಬೇರೆ. ನಾನು ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಈ ವರ್ಷ ಎಲ್ಲ ಸಿಬ್ಬಂದಿಯೂ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ತರಬೇಕು ಎಂದು ಆಡಳಿತ ಮಂಡಳಿ ಹೇಳಿದೆ. ಅಮೆರಿಕದಲ್ಲಿರುವ ನನ್ನ ಮೈದುನ ಫೋನಿನಲ್ಲಿ, ಇಂಥ ವಿಚಾರಣೆ ಒಮ್ಮೆ ನಡೆದರೆ ಮಕ್ಕಳ ದೌರ್ಜನ್ಯದ ರಿಜಿಸ್ಟರಿನಲ್ಲಿ ಹೆಸರು ಸೇರುತ್ತದೆ, ಮತ್ತೆ ಶಾಲೆಯ ಕೆಲಸವೇ ಸಿಗುವುದಿಲ್ಲ ಎಂದು ಹೇಳಿ ಎದೆಯೊಡೆಸಿದ್ದಾರೆ. ನಮ್ಮಲ್ಲಿಯೂ ಅಂಥ ರಿಜಿಸ್ಟರ್ ಇದೆಯೇ? ಪೊಲೀಸ್ ಪರಿಶೀಲನೆಯಲ್ಲಿ ಇದು ಬರುತ್ತದೆಯೇ? ತನಿಖೆಯಲ್ಲಿ ನನ್ನ ಬಗ್ಗೆ ಬರೆದದ್ದನ್ನು ನಾನು ನೋಡಬಹುದೇ?

ಉತ್ತರ – ನಿವೃತ್ತ ಸಮಾಜ ಕಾರ್ಯಕರ್ತ, ತುಮಕೂರು

ಅಮ್ಮಾ, ತನಿಖೆ ಹೇಗೆ ನಡೆಯುತ್ತದೆ ಎಂಬಷ್ಟನ್ನು ನಾನು ಹೇಳುತ್ತೇನೆ. ದಾಖಲೆಯ ಮಾತನ್ನು ವಕೀಲರು ಯಾರಾದರೂ ಹೇಳಲಿ.

ಇದು 2015ರ ಬಾಲನ್ಯಾಯ ಕಾಯ್ದೆಯಡಿ ನಡೆಯುವ ವಿಚಾರಣೆ. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಸದಸ್ಯರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರಲೇಬೇಕು. ಅವರಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ, ಆದರೆ ಅವರು ಕೂರುವುದು ನಿಮ್ಮನ್ನು ಅಪರಾಧಿ ಎಂದೋ ನಿರಪರಾಧಿ ಎಂದೋ ತೀರ್ಮಾನಿಸಲು ಅಲ್ಲ. ಈ ಮಗುವಿಗೆ ಪಾಲನೆ ಮತ್ತು ರಕ್ಷಣೆಯ ಅಗತ್ಯವಿದೆಯೇ, ಇದ್ದರೆ ಅದು ಎಲ್ಲಿರಬೇಕು, ಯಾರ ಬಳಿ ಇರಬೇಕು ಎಂಬುದಷ್ಟೇ ಅವರ ಮುಂದಿನ ಪ್ರಶ್ನೆ. ಸಾಮಾಜಿಕ ತನಿಖೆಯನ್ನು ಹದಿನೈದು ದಿನಗಳಲ್ಲಿ ಮುಗಿಸಬೇಕು, ಮಗುವನ್ನು ಮೊದಲ ಬಾರಿ ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಮಾಡಬೇಕು ಎಂದು ಕಾಯ್ದೆಯ 36ನೇ ಕಲಂ ಹೇಳುತ್ತದೆ. ಮಗುವನ್ನು ಬಾಲಮಂದಿರಕ್ಕೆ ಕಳುಹಿಸುವುದು ಕೊನೆಯ ದಾರಿ ಎಂಬುದು ಅದೇ ಕಾಯ್ದೆಯ 3ನೇ ಕಲಮಿನಲ್ಲಿರುವ ಮೂಲತತ್ತ್ವ. ಮುಚ್ಚಳಿಕೆ ಬರೆಸಿಕೊಂಡು ನಿಮ್ಮ ಜೊತೆಗೇ ಕಳುಹಿಸಿದ್ದಾರೆಂದರೆ, ತಕ್ಷಣಕ್ಕೆ ಅಪಾಯವಿಲ್ಲ ಎಂದು ಅವರಿಗೆ ಕಂಡಿದೆ ಎಂದು ಅರ್ಥ ಮಾಡಿಕೊಳ್ಳಬಹುದು.

ಮನೆಗೆ ಬರುವ ಕಾರ್ಯಕರ್ತರು ತುಂಬುವುದು ಬಾಲನ್ಯಾಯ ನಿಯಮಗಳ 22ನೇ ನಮೂನೆಯನ್ನು. ಕುಟುಂಬದ ವರಮಾನ, ಮನೆಯವರ ನಡುವಿನ ಸಂಬಂಧ, ಮಗುವಿನ ಆರೋಗ್ಯ, ಶಾಲೆಯ ಹಾಜರಾತಿ, ನೆರೆಹೊರೆಯವರ ಅಭಿಪ್ರಾಯ ಎಲ್ಲವನ್ನೂ ಅದರಲ್ಲಿ ಬರೆಯಬೇಕಾಗುತ್ತದೆ. ನಮೂನೆಯಲ್ಲಿ ಇಲ್ಲದ, ಆದರೆ ಅನುಭವಿಗಳು ನೋಡುವ ಕೆಲವು ಸಂಗತಿಗಳಿವೆ: ಹುಡುಗ ಮಲಗುವ ಜಾಗ ಯಾವುದು, ಅವನ ಬಟ್ಟೆಗೆ ಒಂದು ಗೂಟವೋ ಪೆಟ್ಟಿಗೆಯೋ ಇದೆಯೇ, ಮನೆಯ ಇತರ ಮಕ್ಕಳ ಪುಸ್ತಕಕ್ಕೂ ಅವನ ಪುಸ್ತಕಕ್ಕೂ ವ್ಯತ್ಯಾಸ ಕಾಣುತ್ತದೆಯೇ, ನೀವು ಕರೆದಾಗ ಅವನು ಬರುವಾಗ ಮುಖ ಹೇಗಿರುತ್ತದೆ. ನಿಮ್ಮ ವಿಷಯದಲ್ಲಿ ಘಟಕವನ್ನು ಖಂಡಿತ ನೋಡುತ್ತಾರೆ. ಗೂಡು ಬೇಯಿಸುವ ಬೇಸಿನ್ನಿಗೂ ಮನೆಗೂ ನಡುವೆ ಬಾಗಿಲು ಅಥವಾ ಅಡ್ಡಕಟ್ಟೆ ಇಲ್ಲದಿದ್ದರೆ ಇವತ್ತೇ ಹಾಕಿಸಿ. ಅವರು ಬಂದಾಗ ಅದನ್ನು ಮರೆಮಾಚಬೇಡಿ, ಅಪಘಾತದ ನಂತರ ಹಾಕಿಸಿದ್ದೇವೆ ಎಂದು ಹೇಳಿ. ಆಸ್ಪತ್ರೆಯ ಚೀಟಿ ಬಹಳ ಮುಖ್ಯ, ಏಕೆಂದರೆ ಗಾಯವಾದ ಹೊತ್ತಿಗೂ ಚಿಕಿತ್ಸೆ ಕೊಡಿಸಿದ ಹೊತ್ತಿಗೂ ಎಷ್ಟು ಅಂತರವಿದೆ ಎಂಬುದು ನಿರ್ಲಕ್ಷ್ಯವಾಯಿತೇ ಇಲ್ಲವೇ ಎಂಬುದನ್ನು ಯಾರ ಮಾತಿಗಿಂತ ಚೆನ್ನಾಗಿ ತೋರಿಸುತ್ತದೆ.

ಒಂದನ್ನು ಮಾತ್ರ ಮಾಡಬೇಡಿ. ಹುಡುಗನಿಗೆ ಹೀಗೆ ಹೇಳು, ಹಾಗೆ ಹೇಳು ಎಂದು ಪಾಠ ಒಪ್ಪಿಸಬೇಡಿ. ಹನ್ನೊಂದು ವರ್ಷದವನು ಬಾಯಿಪಾಠ ಮಾಡಿ ಹೇಳಿದ ಮಾತು ಕೇಳುವವರಿಗೆ ಮೊದಲ ವಾಕ್ಯದಲ್ಲಿಯೇ ಗೊತ್ತಾಗುತ್ತದೆ. ಆಗ ಇಲ್ಲದ ಅನುಮಾನವೂ ಹುಟ್ಟುತ್ತದೆ.

ಉತ್ತರ – ವಕೀಲ, ಕೋಲಾರ

ಮೊದಲಿಗೆ ನಿಮ್ಮ ಮೈದುನನವರ ಮಾತು. ಅವರು ಹೇಳಿದ್ದು ಅವರಿರುವ ದೇಶಕ್ಕೆ ಬಹುಮಟ್ಟಿಗೆ ಸರಿ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮಕ್ಕಳ ರಕ್ಷಣಾ ಇಲಾಖೆಯೇ ಒಂದು ಕೇಂದ್ರೀಯ ರಿಜಿಸ್ಟರ್ ಇಟ್ಟಿರುತ್ತದೆ. ನ್ಯಾಯಾಲಯದಲ್ಲಿ ಶಿಕ್ಷೆಯಾಗದಿದ್ದರೂ ಇಲಾಖೆಯ ತನಿಖೆಯಲ್ಲಿ ದೂರು ಸಮರ್ಥನೀಯವೆಂದು ಕಂಡರೆ ಹೆಸರು ಅದರಲ್ಲಿ ಸೇರಬಹುದು, ಶಿಶುಪಾಲನಾ ಕೇಂದ್ರಗಳಂಥ ಉದ್ಯೋಗದಾತರು ಅದನ್ನು ಪರಿಶೀಲಿಸುತ್ತಾರೆ. ತೀರಾ ಕಡಿಮೆ ಸಾಕ್ಷ್ಯದ ಮೇಲೆ ಜನರ ಹೆಸರು ಸೇರುತ್ತಿದೆ ಎಂಬ ಆಕ್ಷೇಪ ಅಲ್ಲಿಯೂ ಬಹಳ ಕಾಲದಿಂದ ಇತ್ತು. ನ್ಯೂಯಾರ್ಕ್ ರಾಜ್ಯವು 2022ರ ಜನವರಿ 1ರಿಂದ ಸಾಕ್ಷ್ಯದ ಮಟ್ಟವನ್ನು ಏರಿಸಿತು. ಭಾರತದಲ್ಲಿ ಬಾಲನ್ಯಾಯ ಕಾಯ್ದೆಯು ಮಕ್ಕಳನ್ನು ಸಾಕುವವರ ಹೆಸರುಗಳ ಅಂಥ ರಿಜಿಸ್ಟರನ್ನು ಸೃಷ್ಟಿಸಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2018ರಿಂದ ನಡೆಸುತ್ತಿರುವ ಲೈಂಗಿಕ ಅಪರಾಧಿಗಳ ದತ್ತಾಂಶವೊಂದಿದೆ, ನಿಜ. ಆದರೆ ಅದು ಪೊಲೀಸರ ಬಳಕೆಗೆ ಮಾತ್ರ ಇರುವಂಥದ್ದು, ನಿಮ್ಮ ಪ್ರಕರಣಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ನಿಮ್ಮ ಹೆಸರು ಎಲ್ಲಿರುತ್ತದೆ? ಸಮಿತಿಯ ಕಡತದಲ್ಲಿ ಇರುತ್ತದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಗುವಿನ ಪ್ರಕರಣದ ಜೊತೆಗೆ ಇರುತ್ತದೆ. ಅದು ಮಗುವಿನ ಕಡತ; ನಿಮ್ಮ ಹೆಸರು ಅದರಲ್ಲಿ ಪಾಲಕರೆಂದು ಬರುತ್ತದೆ, ಆರೋಪಿಯೆಂದು ಅಲ್ಲ. ಕಾಯ್ದೆಯ 99ನೇ ಕಲಮಿನ ಪ್ರಕಾರ ಸಮಿತಿ ಪರಿಗಣಿಸುವ ವರದಿಗಳೆಲ್ಲ ಗೋಪ್ಯ. ಮಗುವಿನ ಗುರುತು ಬಹಿರಂಗವಾಗುವಂತೆ ಮಾಧ್ಯಮದಲ್ಲಿ ಪ್ರಕಟಿಸುವುದು 74ನೇ ಕಲಮಿನಡಿ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ನಿಮ್ಮ ಆಡಳಿತ ಮಂಡಳಿಯವರು ಸಮಿತಿಗೆ ಪತ್ರ ಬರೆದು ವರದಿ ಕೊಡಿ ಎಂದು ಕೇಳಿದರೆ ಅದನ್ನು ಪಡೆಯುವ ಹಕ್ಕು ಅವರಿಗಿಲ್ಲ.

ಪೊಲೀಸ್ ಪರಿಶೀಲನೆಯ ವಿಚಾರದಲ್ಲಿ ಶಾಲೆಯವರು ನಿಮ್ಮೊಬ್ಬರನ್ನೇ ಗುರಿ ಮಾಡಿಲ್ಲ. 2020ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ನಿಯಮಗಳ ಪ್ರಕಾರ ಮಕ್ಕಳ ಜೊತೆ ನಿತ್ಯ ಒಡನಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯನ್ನು, ಕಾಯಂ ಆಗಲಿ ಗುತ್ತಿಗೆಯಾಗಲಿ, ಆಗಾಗ ಪೊಲೀಸ್ ಪರಿಶೀಲನೆಗೆ ಒಳಪಡಿಸಲೇಬೇಕು. ಅಲ್ಲಿ ಪೊಲೀಸರು ನೋಡುವುದು ನಿಮ್ಮ ಮೇಲೆ ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್, ದಾಖಲಾಗಿದೆಯೇ, ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆಯೇ, ಶಿಕ್ಷೆಯಾಗಿದೆಯೇ ಎಂಬುದನ್ನು. ಸಮಿತಿಯ ವಿಚಾರಣೆ ಕ್ರಿಮಿನಲ್ ಪ್ರಕರಣವಲ್ಲ. ಶಾಲೆಯ ಅರ್ಜಿಯಲ್ಲಿ ‘ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣವಿದೆಯೇ’ ಎಂದು ಕೇಳಿದ್ದು, ಎಫ್‌ಐಆರ್ ಆಗಿರದಿದ್ದರೆ, ‘ಇಲ್ಲ’ ಎಂಬುದೇ ಪ್ರಾಮಾಣಿಕವಾದ ಪೂರ್ಣ ಉತ್ತರ. ಕೇಳದ ಪ್ರಶ್ನೆಗೆ ಎರಡು ಪುಟ ವಿವರಣೆ ಲಗತ್ತಿಸುವ ಕಕ್ಷಿದಾರರನ್ನು ನಾನು ಕಂಡಿದ್ದೇನೆ. ಅದರಿಂದ ಮಗುವಿನ ಗೋಪ್ಯತೆಗೂ ಧಕ್ಕೆ, ಅವರಿಗೂ ಕಷ್ಟ.

ಎಫ್‌ಐಆರ್ ಆದರೆ ಮಾತು ಬೇರೆ. ಮಗುವನ್ನು ಹೊಡೆಯುವುದು, ತೊರೆಯುವುದು, ಬೇಕೆಂದೇ ನಿರ್ಲಕ್ಷಿಸುವುದು 75ನೇ ಕಲಮಿನಡಿ ಮೂರು ವರ್ಷದವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡಕ್ಕೂ ಎಡೆಯಿರುವ ಅಪರಾಧ. ಅಲ್ಲಿ ‘ಬೇಕೆಂದೇ’ ಎಂಬುದನ್ನು ಸಾಬೀತುಪಡಿಸಬೇಕು. ಕಾಲು ಜಾರಿ ಆದ ಗಾಯ ಅದಷ್ಟರಿಂದಲೇ ಆ ಕಲಮಿನೊಳಗೆ ಬರುವುದಿಲ್ಲ. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಮೇಲೆ, ಈ ಕಾಯ್ದೆಯಲ್ಲಿ ಏಳು ವರ್ಷ ಮೀರದ ಶಿಕ್ಷೆಯ ಅಪರಾಧಗಳು ಅಸಂಜ್ಞೇಯವಾಗಿವೆ. ಅಂದರೆ ಅವಷ್ಟೇ ಇದ್ದಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ನಡೆಸುವಂತಿಲ್ಲ. ಈ ತಿದ್ದುಪಡಿ ಮಕ್ಕಳಿಗೆ ಒಳ್ಳೆಯದಲ್ಲ ಎಂಬ ವಾದವಿದೆ, ನನಗೂ ಅದರಲ್ಲಿ ಹುರುಳಿದೆ ಎನಿಸುತ್ತದೆ. ಆದರೂ ಇಂದಿನ ಕಾನೂನು ಅದೇ. ಬೇರೆ ಕಾನೂನಿನ ಸಂಜ್ಞೇಯ ಅಪರಾಧ ಜೊತೆಗೆ ಸೇರಿದರೆ ಎಫ್‌ಐಆರ್ ಆಗಬಹುದು, ಅದು ಪರಿಶೀಲನೆಯಲ್ಲಿ ಕಾಣಿಸುತ್ತದೆ. ತನಿಖೆಯ ಕೊನೆಯಲ್ಲಿ ಪೊಲೀಸರು ‘ಬಿ’ ರಿಪೋರ್ಟ್, ಅಂದರೆ ಆರೋಪಕ್ಕೆ ಆಧಾರವಿಲ್ಲ ಎಂಬ ಮುಕ್ತಾಯ ವರದಿ, ಹಾಕಿ, ನ್ಯಾಯಾಲಯ ಅದನ್ನು ಒಪ್ಪಿದರೆ ಆ ಆದೇಶದ ಪ್ರಮಾಣೀಕೃತ ಪ್ರತಿಯನ್ನು ತೆಗೆದಿಟ್ಟುಕೊಳ್ಳಬೇಕು. ಪ್ರಕರಣದಲ್ಲಿ ಹುರುಳಿಲ್ಲದಿದ್ದರೆ ರದ್ದತಿಗೆ ಹೈಕೋರ್ಟಿಗೂ ಹೋಗಬಹುದು.

ನಿಮಗೆ ನಿಜವಾಗಿ ತೊಡಕಾಗಬಹುದಾದದ್ದು ಬಾಲಕಾರ್ಮಿಕ ಕಾಯ್ದೆ. ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ ಎಂದು 2016ರ ತಿದ್ದುಪಡಿ ಹೇಳುತ್ತದೆ. ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ಕುಟುಂಬದ ಉದ್ಯಮದಲ್ಲಿ ನೆರವಾಗುವುದಕ್ಕೆ ವಿನಾಯಿತಿಯಿದೆ, ತಾಯಿಯ ಸೋದರಿಯೂ ಆ ಕಾಯ್ದೆಯ ‘ಕುಟುಂಬ’ದೊಳಗೆ ಬರುತ್ತಾಳೆ. ಆದರೆ ಆ ವಿನಾಯಿತಿ ಅಪಾಯಕಾರಿ ಕೆಲಸಕ್ಕೆ ಇಲ್ಲ. ಕುದಿಯುವ ಬೇಸಿನ್ನಿನ ಪಕ್ಕ ಹುಡುಗ ಕೂತಿದ್ದ ಎಂದು ಯಾರಾದರೂ ಹೇಳಿಕೆ ಕೊಟ್ಟರೆ ವಿನಾಯಿತಿಯ ವಾದ ನಿಲ್ಲುವುದು ಕಷ್ಟ. ಅವನು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ, ಕರೆಯಲು ಹೋಗಿದ್ದ ಎಂಬುದನ್ನು ಶಾಲೆಯ ಹಾಜರಾತಿಯಿಂದಲೂ ಘಟಕದ ಕೆಲಸಗಾರರ ಹೇಳಿಕೆಯಿಂದಲೂ ತೋರಿಸಿ.

ಇನ್ನು ವರದಿ ನೋಡುವ ವಿಚಾರ. 99ನೇ ಕಲಮಿನ ಉಪಬಂಧವು ವರದಿಯ ಸಾರಾಂಶವನ್ನು ಪಾಲಕರಿಗೆ ತಿಳಿಸಲು, ಅದಕ್ಕೆ ಪ್ರತಿಯಾಗಿ ಸಾಕ್ಷ್ಯ ಒದಗಿಸುವ ಅವಕಾಶ ಕೊಡಲು ಸಮಿತಿಗೆ ಅಧಿಕಾರ ಕೊಟ್ಟಿದೆ. ಅದು ಸಮಿತಿಯ ವಿವೇಚನೆಗೆ ಬಿಟ್ಟದ್ದು, ತಾನಾಗಿ ಬರುವುದಿಲ್ಲ, ಲಿಖಿತವಾಗಿ ಕೇಳಬೇಕು. ಮಾಹಿತಿ ಹಕ್ಕು ಅರ್ಜಿ ಹಾಕುವುದಕ್ಕಿಂತ ಇದು ನೇರವಾದ ದಾರಿ. ನ್ಯಾಯಯುತವಾದ ಆಲಿಕೆ ಈ ಕಾಯ್ದೆಯ ಮೂಲತತ್ತ್ವಗಳಲ್ಲೊಂದು ಎಂಬುದನ್ನು ಅರ್ಜಿಯಲ್ಲಿ ಉಲ್ಲೇಖಿಸಿ.

ಉತ್ತರ – ಸರ್ಕಾರಿ ಶಾಲಾ ಶಿಕ್ಷಕಿ, ಗೌರಿಬಿದನೂರು

ಕರೆ ಮಾಡಿದವರ ಕಡೆಯಿಂದ ಎರಡು ಮಾತು ಹೇಳಬೇಕೆನಿಸಿತು. ನಾನು ನಿಮ್ಮ ಊರಿನವಳಲ್ಲ, ನಿಮ್ಮ ಹುಡುಗನ ವಿಷಯ ನನಗೆ ಗೊತ್ತಿಲ್ಲ; ಆದರೆ ಇಂಥ ಕರೆಯನ್ನು ನಾನೂ ಮಾಡಿದ್ದೇನೆ. ಒಂದು ಗಾಯಕ್ಕೆ ಮಗು ಎರಡು ಕಾರಣ ಹೇಳಿದಾಗ ಶಿಕ್ಷಕರು ಸುಮ್ಮನಿರಲಾಗದು. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ವರದಿ ಮಾಡದಿರುವುದೇ ಪೋಕ್ಸೊ ಕಾಯ್ದೆಯಡಿ ಅಪರಾಧ. ಉಳಿದ ಸಂದರ್ಭಗಳಲ್ಲಿ ಅದು ನಮ್ಮ ಆತ್ಮಸಾಕ್ಷಿಗೆ ಸೇರಿದ್ದು. ಕರೆ ಮಾಡಿದವರು ಮನೆಯವರನ್ನು ಅಪರಾಧಿಗಳೆಂದು ತೀರ್ಮಾನಿಸಿರುವುದಿಲ್ಲ. ಮಕ್ಕಳು ಎರಡು ಮಾತು ಹೇಳುವುದು ಎಷ್ಟೋ ಸಲ ಮನೆಯವರನ್ನು ಕಾಪಾಡಲೆಂದೇ. ‘ಘಟಕದೊಳಗೆ ಹೋಗಬೇಡ ಎಂದಿದ್ದರೂ ಹೋದೆ’ ಎಂಬ ಭಯಕ್ಕೆ ಅವನು ಸೈಕಲ್ಲಿನ ಕಥೆ ಕಟ್ಟಿರಬಹುದು.

ಆ ಮೇಡಂ ಯಾರೆಂದು ಹುಡುಕುತ್ತ ಶಾಲೆಯ ಮುಂದೆ ಜಗಳಕ್ಕೆ ನಿಲ್ಲಬೇಡಿ, ಯಜಮಾನರಿಗೂ ಹೇಳಿ. ಹಾಗೆ ಮಾಡಿದ ಮನೆಯವರ ಬಗ್ಗೆ ತನಿಖೆಗೆ ಬಂದವರಿಗೆ ಒಳ್ಳೆಯ ಅಭಿಪ್ರಾಯ ಮೂಡಿದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮೇಡಂ ಹೇಳಿದ್ದು ನಿಜವಿರಬಹುದು. ಬೇಸಿನ್ನಿನ ಹತ್ತಿರ ಸುಳಿಯಬೇಡ ಎಂದು ಯಜಮಾನರು ಅವನಿಗೆ ಗದರಿ ಹೇಳಿದ್ದುಂಟು.

ವಕೀಲ ಸರ್, ಎರಡು ಸಂದೇಹಗಳು ಉಳಿದಿವೆ. ನಮ್ಮಿಬ್ಬರನ್ನೂ ಠಾಣೆಗೆ ಕರೆಸಿ ಹೇಳಿಕೆ ಬರೆದುಕೊಂಡಿದ್ದಾರೆ, ಒಂದು ಸ್ವೀಕೃತಿ ಚೀಟಿಯನ್ನೂ ಕೊಟ್ಟಿದ್ದಾರೆ. ಇದು ಎಫ್‌ಐಆರ್ ಆಯಿತೇ? ಎರಡನೆಯದಾಗಿ, ಮುಚ್ಚಳಿಕೆಗೆ ಸಹಿ ಹಾಕಿದ್ದರಿಂದ ತಪ್ಪು ನಮ್ಮದೇ ಎಂದು ಒಪ್ಪಿಕೊಂಡಂತಾಯಿತೇ ಎಂದು ಯಜಮಾನರು ಪದೇ ಪದೇ ಕೇಳುತ್ತಿದ್ದಾರೆ.

ಉತ್ತರ – ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜ, ಮಧುಗಿರಿ

ಕಾನೂನಿನ ಪ್ರಶ್ನೆಗೆ ವಕೀಲರೇ ಉತ್ತರಿಸುತ್ತಾರೆ. ನಾನು ಹೇಳುವುದು ನಮ್ಮ ಮನೆಯ ಸಂಗತಿ. ಮಗಳು ಅಳಿಯ ಇಬ್ಬರೂ ಇಲ್ಲದ ಮೇಲೆ ಇಬ್ಬರು ಮೊಮ್ಮಕ್ಕಳು ನಮ್ಮ ಬಳಿ ಇದ್ದಾರೆ. ದೊಡ್ಡವಳು ಶಾಲೆಗೆ ಸರಿಯಾಗಿ ಹೋಗುತ್ತಿಲ್ಲವೆಂದು ಯಾರೋ ಹೇಳಿ ಇದೇ ರೀತಿ ವಿಚಾರಣೆ ಬಂದಿತು. ಜೀಪು ಬಂದು ನಿಂತ ದಿನ ಕೇರಿಯವರೆಲ್ಲ ಹೊರಗೆ ಬಂದು ನೋಡಿದರು. ಕಾಗದಪತ್ರದಲ್ಲಿ ಏನೂ ಉಳಿಯದಿದ್ದರೂ ಕೇರಿಯವರ ಬಾಯಲ್ಲಿ ಆ ಮಾತು ಬಹಳ ದಿನ ಇತ್ತು ಎಂಬುದನ್ನು ನಿಮಗೆ ಮುಚ್ಚಿಡಲಾರೆ.

ಆದರೆ ತನಿಖೆಗೆ ಬಂದ ಹೆಣ್ಣುಮಗಳೇ ಪ್ರಾಯೋಜಕತ್ವ ಯೋಜನೆಯ ಅರ್ಜಿ ತುಂಬಿಸಿಕೊಂಡು ಹೋದಳು. ಮಿಷನ್ ವಾತ್ಸಲ್ಯದಡಿ ಒಂದು ಮಗುವಿಗೆ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ. ಕುಟುಂಬದ ವಾರ್ಷಿಕ ವರಮಾನ ಹಳ್ಳಿಯಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು ಎಂಬ ಮಿತಿಯಿದೆ. ನಿಮ್ಮಿಬ್ಬರಿಗೂ ದುಡಿಮೆ ಇರುವುದರಿಂದ ಅದು ನಿಮಗೆ ಅನ್ವಯಿಸುತ್ತದೋ ಇಲ್ಲವೋ, ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ ನೋಡಿ. ಅಕ್ಕನ ಮಗನನ್ನು ಸಾಕುತ್ತಿದ್ದೀರಿ ಎಂಬುದಕ್ಕೆ ನಿಮ್ಮಲ್ಲಿ ಇಷ್ಟು ವರ್ಷ ಕಾಗದವೇನಾದರೂ ಇತ್ತೇ? ನಮ್ಮಲ್ಲಿ ಇರಲಿಲ್ಲ. ಆಧಾರ್ ತಿದ್ದುಪಡಿಗೆ, ಬ್ಯಾಂಕ್ ಖಾತೆಗೆ, ವಿದ್ಯಾರ್ಥಿವೇತನಕ್ಕೆ ಹೋದಲ್ಲೆಲ್ಲ ‘ನೀವು ಯಾರು’ ಎಂದು ಕೇಳುತ್ತಿದ್ದರು. ಈಗ ಸಮಿತಿಯ ಆದೇಶದ ಪ್ರತಿ ತೋರಿಸುತ್ತೇನೆ.

ಉತ್ತರ – ವಕೀಲ, ಕೋಲಾರ

ಅಜ್ಜನವರು ಹೇಳಿದ್ದು ಬಹಳ ಉಪಯುಕ್ತ. ತಂದೆ ಬದುಕಿರುವುದರಿಂದ ಕಾನೂನಿನ ದೃಷ್ಟಿಯಲ್ಲಿ ಆ ಹುಡುಗನ ಸ್ವಾಭಾವಿಕ ಪೋಷಕರು ಇಂದಿಗೂ ಅವರೇ. ನಾಳೆ ಅವರು ಬಂದು ಕೇಳಿದರೆ ನಿಮ್ಮ ಕೈಯಲ್ಲಿ ಹಿಡಿಯಲು ಇರುವುದು ಸಮಿತಿಯ ಆದೇಶವೊಂದೇ. 37ನೇ ಕಲಮಿನಡಿ ಮಗುವನ್ನು ಮೇಲ್ವಿಚಾರಣೆಯೊಂದಿಗೋ ಇಲ್ಲದೆಯೋ ಕುಟುಂಬದವರಿಗೆ ಒಪ್ಪಿಸುವ, ಅಥವಾ ‘ಯೋಗ್ಯ ವ್ಯಕ್ತಿ’ಯ ಪಾಲನೆಗೆ ಕೊಡುವ ಅಧಿಕಾರ ಸಮಿತಿಗಿದೆ. ಅಂತಿಮ ಆದೇಶದಲ್ಲಿ ನಿಮ್ಮ ಹೆಸರು, ಮಗುವಿನೊಂದಿಗಿನ ಸಂಬಂಧ ಎರಡೂ ಸ್ಪಷ್ಟವಾಗಿ ಬರುವಂತೆ ಕೇಳಿಕೊಳ್ಳಿ.

ಠಾಣೆಯ ಚೀಟಿಯ ವಿಷಯ. ಅದನ್ನು ತೆಗೆದು ನೋಡಿ. ‘ಅಪರಾಧ ಸಂಖ್ಯೆ’ ಎಂದು ನಮೂದಾಗಿದ್ದು, ಓರೆಗೆರೆಯ ಮುಂದೆ ವರ್ಷ, ಕೆಳಗೆ ಕಾಯ್ದೆಯ ಕಲಂಗಳು ಇದ್ದರೆ ಅದು ಎಫ್‌ಐಆರ್‌ಗೆ ಸಂಬಂಧಿಸಿದ್ದು. ಎನ್‌ಸಿಆರ್ ಸಂಖ್ಯೆಯಿದ್ದರೆ ಅಸಂಜ್ಞೇಯ ಪ್ರಕರಣದ ನೋಂದಣಿ. ಅರ್ಜಿ ಸಂಖ್ಯೆ ಮಾತ್ರ ಇದ್ದರೆ ಬಂದ ದೂರನ್ನು ವಿಚಾರಣೆಗೆ ತೆಗೆದುಕೊಂಡಿದ್ದಾರೆ ಎಂದಷ್ಟೇ ಅರ್ಥ. ಹೇಳಿಕೆ ಬರೆಸಿಕೊಂಡ ಮಾತ್ರಕ್ಕೆ ಯಾರೂ ಆರೋಪಿಯಾಗುವುದಿಲ್ಲ. ಚೀಟಿಯಿಂದ ತಿಳಿಯದಿದ್ದರೆ ‘ಈ ವಿಷಯದಲ್ಲಿ ನಮ್ಮ ಮೇಲೆ ಪ್ರಕರಣ ದಾಖಲಾಗಿದೆಯೇ’ ಎಂದು ಠಾಣಾಧಿಕಾರಿಗೆ ಲಿಖಿತವಾಗಿ ಬರೆದು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಮೊದಲೇ ಇದನ್ನು ಮಾಡುವುದು ಒಳಿತು.

ಮುಚ್ಚಳಿಕೆಯಲ್ಲಿ ತಪ್ಪೊಪ್ಪಿಗೆಯ ಮಾತು ಇರುವುದಿಲ್ಲ. 20ನೇ ನಮೂನೆಯಲ್ಲಿ ಪಾಲಕರು ಬರೆದುಕೊಡುವುದು ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ, ಓದಿಸುತ್ತೇವೆ, ಕರೆದಾಗ ಸಮಿತಿಯ ಮುಂದೆ ಹಾಜರುಪಡಿಸುತ್ತೇವೆ ಎಂಬ ಭರವಸೆಯನ್ನು. ಅಚ್ಚಾದ ನಮೂನೆಯ ಹೊರಗೆ ಕೈಬರಹದಲ್ಲಿ ಬೇರೇನಾದರೂ ಸೇರಿಸಿದ್ದಾರೆಯೇ ಎಂಬುದನ್ನು ಮಾತ್ರ ನೋಡಿ. ‘ನಮ್ಮ ಅಜಾಗರೂಕತೆಯಿಂದ’ ಎಂಬಂಥ ಪದ ಅಲ್ಲಿದ್ದು ನೀವು ಅದನ್ನು ಹೇಳಿರದಿದ್ದರೆ, ಮುಂದಿನ ತಾರೀಖಿನಂದು ಸಮಿತಿಗೆ ಒಂದು ಪುಟದ ಹೇಳಿಕೆ ಕೊಟ್ಟು, ನಡೆದದ್ದನ್ನು ನಿಮ್ಮ ಮಾತಿನಲ್ಲಿ ಬರೆದು, ಆಸ್ಪತ್ರೆಯ ಚೀಟಿಯ ನಕಲನ್ನು ಲಗತ್ತಿಸಿ ಕಡತಕ್ಕೆ ಸೇರಿಸಲು ಕೋರಿ. ಇನ್ನು ಮುಂದೆ ಯಾವ ಹೇಳಿಕೆಗೂ ಓದಿಸಿಕೊಳ್ಳದೆ ಸಹಿ ಹಾಕಬೇಡಿ.

ಅಂತಿಮ ಆದೇಶ ನಿಮಗೆ ಒಪ್ಪಿಗೆಯಾಗದಿದ್ದರೆ 101ನೇ ಕಲಮಿನಡಿ ಮೂವತ್ತು ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಪೋಷಕತ್ವ (ಮಗುವನ್ನು ಬೇರೊಂದು ಕುಟುಂಬದಲ್ಲಿರಿಸಿ ಸಾಕಿಸುವ ಫಾಸ್ಟರ್ ಕೇರ್) ಮತ್ತು ಪ್ರಾಯೋಜಕತ್ವದ ತೀರ್ಮಾನಗಳಾದರೆ ಮೇಲ್ಮನವಿ ಜಿಲ್ಲಾಧಿಕಾರಿಗಳಿಗೆ. ವಿಚಾರಣೆ ನಡೆಸುವ ರೀತಿಯ ಬಗ್ಗೆಯೇ ಅಹವಾಲಿದ್ದರೆ ಅದನ್ನು ಕೇಳುವವರೂ ಜಿಲ್ಲಾಧಿಕಾರಿಗಳೇ. ವಕೀಲರ ಶುಲ್ಕದ ಚಿಂತೆ ಬೇಡ. ಮಹಿಳೆಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಚಿಕ್ಕಬಳ್ಳಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ. ಮೂವತ್ತು ದಿನಗಳ ಲೆಕ್ಕ ಹಿಡಿಯುವುದು ಆದೇಶದ ತಾರೀಖಿನಿಂದ, ಆದ್ದರಿಂದ ಆದೇಶವಾದ ದಿನವೇ ಪ್ರಮಾಣೀಕೃತ ಪ್ರತಿಗೆ ಅರ್ಜಿ ಹಾಕಿಬಿಡಿ.